ನಲವತ್ತರ ಮನೆಯ ದೂರಪ್ಪ

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಊರಿನವರ ಬಾಯಲ್ಲಿ ಅವನು ದೂರಪ್ಪ. ಆರಡಿ ಕೋಲು ಹಿಡಿದು ದಿನವಿಡೀ "ದೂರ, ದೂರ" ಎನ್ನುವುದೇ ಅವನ ಉದ್ಯೋಗವಾದ್ದರಿಂದ ಆ ಹೆಸರನ್ನು ಯಾರೂ ಕೂತು ಯೋಚಿಸಿ ಇಡಬೇಕಾಗಿ ಬರಲಿಲ್ಲ, ತಾನಾಗಿಯೇ ಬಂದು ಮೈಗೆ ಅಂಟಿತು. ಅಂಟಿದ್ದು ಅದೊಂದೇ. ಬೇರೆ ಏನೂ ತನಗೆ ಅಂಟದಂತೆ ಅವನು ಇಪ್ಪತ್ತಾರು ವರ್ಷ ನೋಡಿಕೊಂಡಿದ್ದ. ಹಾಗೆಂದು ನಂಬಿದ್ದ.

ಬಂದರಿನ ಕಲ್ಲುಕಟ್ಟೆ ಮುಗಿಯುವಲ್ಲಿ, ಮೀನಿನ ಗೋದಾಮು ದಾಟಿದ ಮೇಲೆ, ಉದ್ದನೆಯ ಹೆಂಚಿನ ಕಟ್ಟಡವೊಂದಿತ್ತು. ಹಡಗಿನಲ್ಲಿ ಯಾರಿಗಾದರೂ ಅಂಟುಜ್ವರ ಕಾಣಿಸಿದರೆ ಕಾಯಿಲೆಯವನನ್ನು ಆಸ್ಪತ್ರೆಗೆ ಸಾಗಿಸಿ, ಉಳಿದ ಪ್ರಯಾಣಿಕರನ್ನು ಊರೊಳಕ್ಕೆ ಬಿಡದೆ ಅಲ್ಲಿ ಇಳಿಸುತ್ತಿದ್ದರು. ಬಾಗಿಲ ಮೇಲೆ ಕ್ವಾರಂಟೈನ್ ಎಂದು ಬರೆದಿತ್ತು. ಊರವರು ನಲವತ್ತರ ಮನೆ ಎನ್ನುತ್ತಿದ್ದರು, ಯಾಕೆಂದರೆ ಒಳಗೆ ಹೋದವರು ನಲವತ್ತನೆಯ ದಿನಕ್ಕೇ ಹೊರಗೆ ಬರುತ್ತಿದ್ದರು. ಮನೆಯ ಮುಂದೆ ಎರಡು ಸಾಲು ಮರದ ಕಟಕಟೆ. ಒಳಗಿನವರು ಒಳಗಿನ ಕಟಕಟೆಗೆ ನಿಲ್ಲಬೇಕು, ನೋಡಲು ಬಂದ ನೆಂಟರು ಹೊರಗಿನದಕ್ಕೆ. ನಡುವಿನ ಮರಳು ಹಾಸಿದ ಓಣಿಯಲ್ಲಿ ದೂರಪ್ಪ ಕೋಲು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಗಂಡ ಹೆಂಡತಿ ಏನೇ ಗುಟ್ಟು ಮಾತಾಡಲಿ, ಅದು ಅವನ ಎರಡು ಕಿವಿಗಳ ಮೂಲಕವೇ ಹಾದುಹೋಗಬೇಕಿತ್ತು.

ಹೊಸಬರು ಬಂದ ದಿನ ಅವನು ಭಾಷಣ ಮಾಡುತ್ತಿದ್ದ. ಹಿಂದಿನ ಕಾಲದ ಯಾರೋ ಅಧಿಕಾರಿ ಕಚೇರಿಯ ಗೋಡೆಗೆ ಅಂಟಿಸಿಹೋದ ಅಚ್ಚಿನ ಹಾಳೆಯೊಂದಿತ್ತು. ಅದು ಅವನಿಗೆ ಗಿಣಿಪಾಠ.

"ಕೇಳಿ. ಐದಾರು ನೂರು ವರ್ಷದ ಹಿಂದೆ ಮಹಾಮಾರಿ ಬಂದಾಗ ರಗೂಸಾ ಅನ್ನೋ ಬಂದರಿನವರು ಒಂದು ಕಟ್ಟಳೆ ಮಾಡಿದರು. ರೋಗದ ಊರಿಂದ ಬಂದವನು ಮೂವತ್ತು ದಿನ ಹೊರಗಿರಬೇಕು, ಆಮೇಲೆ ಊರೊಳಗೆ. ಆಮೇಲೆ ವೆನಿಸ್ ಅಂತ, ಬೀದಿಯೆಲ್ಲ ನೀರೇ ಇರೋ ಊರು, ಅಲ್ಲಿ ನಲವತ್ತು ಮಾಡಿದರು. ಅವರ ಮಾತಿನಲ್ಲಿ ಕ್ವಾರಂತ ಅಂದ್ರೆ ನಲವತ್ತು. ಅದರಿಂದಲೇ ಕ್ವಾರಂಟೈನ್. ಪದದ ಹೊಟ್ಟೆಯೊಳಗೇ ನಲವತ್ತು ಕೂತಿದೆ. ಮೂವತ್ತೊಂಬತ್ತಕ್ಕೆ ಬಿಟ್ಟರೆ ಅದು ಕ್ವಾರಂಟೈನೇ ಅಲ್ಲ. ತಿಳೀತಾ?"

ತಿಳಿಯದೆ ಏನು. ಹತ್ತು ದಿನ ಹಡಗಿನಲ್ಲಿ ವಾಂತಿ ಮಾಡಿಕೊಂಡು ಇಳಿದವರಿಗೆ ಇಂಥ ವಿದ್ಯೆ ಬೇಗ ತಲೆಗೆ ಹತ್ತುತ್ತದೆ.

ಒಂದು ಸಲ ಒಬ್ಬ ಬಡಗಿ, ಊರಲ್ಲಿ ತಂದೆ ಕೊನೆಯುಸಿರು ಎಳೆಯುತ್ತಿದ್ದಾನೆ, ಇನ್ನು ಮೂರೇ ದಿನ ಉಳಿದಿದೆ, ಬಿಡಿ ಎಂದು ಕಟಕಟೆ ಹಿಡಿದು ನಿಂತಿದ್ದ. ದೂರಪ್ಪ ಅವನಿಗೂ ರಗೂಸಾದಿಂದಲೇ ಶುರುಮಾಡಿದ. ಬಡಗಿ ತಲೆ ತಗ್ಗಿಸಿ ಪೂರ್ತಿ ಕೇಳಿದ. ಕೊನೆಗೆ ಒಂದೇ ಮಾತು: "ಆ ಊರಲ್ಲಿ ಯಾರಿಗೂ ಅಪ್ಪ ಇರಲಿಲ್ವಾ?" ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲವಾದ್ದರಿಂದ ದೂರಪ್ಪ ಕೊಡಲಿಲ್ಲ.

ದೇವರು ಒಬ್ಬೊಬ್ಬರ ಕೈಗೆ ಒಂದೊಂದು ಅಳತೆಗೋಲು ಕೊಟ್ಟು ಕಳಿಸುತ್ತಾನೆ. ಕೆಲವರು ಅದರಿಂದ ಬಟ್ಟೆ ಅಳೆಯುತ್ತಾರೆ, ಕೆಲವರು ಬೇರೆಯವರನ್ನು ಬಡಿಯುತ್ತಾರೆ. ದೂರಪ್ಪ ಲಂಚ ಮುಟ್ಟಿದವನಲ್ಲ, ಸುಳ್ಳು ಹೇಳಿದವನಲ್ಲ. ಅದೇ ಕಷ್ಟವಾಗಿತ್ತು. ಲಂಚ ತಿನ್ನುವವನಾಗಿದ್ದರೆ ಬಡಗಿ ಅಪ್ಪನ ಮುಖ ನೋಡುತ್ತಿದ್ದ.

ಅವನ ಕೆಲಸದ ಅಚ್ಚುಕಟ್ಟು ನೋಡುವಂಥದ್ದು. ಒಳಗಿನಿಂದ ಬಂದ ಕಾಗದವನ್ನು ಚಿಮಟದಲ್ಲಿ ಹಿಡಿದು, ಎರಡು ಕಡೆ ಸೀಳಿ, ತಗಡಿನ ಪೆಟ್ಟಿಗೆಯಲ್ಲಿ ಗಂಧಕದ ಹೊಗೆ ಹಾಕಿ, ಆಮೇಲೆ ಹೊರಗೆ ಕೊಡುತ್ತಿದ್ದ. ಪ್ರೇಮಪತ್ರವಾದರೂ ಕೆಮ್ಮಿಕೊಂಡೇ ಓದಬೇಕು. ಬಾಚಣಿಗೆ, ಕನ್ನಡಕ, ಮಕ್ಕಳ ಗಿಲಕಿ, ಎಲ್ಲವೂ ವಿನಿಗರ್ ನೀರಿನಲ್ಲಿ ಮುಳುಗೆದ್ದೇ ಕಟಕಟೆ ದಾಟುತ್ತಿದ್ದವು. ಬಾಗಿಲ ಪಕ್ಕ ಅವನೇ ಕೆಂಪು ಬಣ್ಣದಲ್ಲಿ ಬರೆದ ಫಲಕ: "ಒಳಗಿನವರನ್ನಾಗಲಿ ಅವರು ಮುಟ್ಟಿದ್ದನ್ನಾಗಲಿ ಮುಟ್ಟಿದವರು ಯಾರೇ ಆಗಿರಲಿ ಒಳಗೆ. ಒಂದನೆಯ ದಿನದಿಂದ ಲೆಕ್ಕ."

ಮನೆಯಲ್ಲೂ ಅದೇ. ಬಾಗಿಲಲ್ಲೇ ಬಟ್ಟೆ ಕಳಚಿ, ಹಿತ್ತಲಲ್ಲಿ ಮಿಂದು ಒಳಗೆ ಬರುವವರೆಗೆ ಹೆಂಡತಿ ಎದುರು ಸುಳಿಯುವ ಹಾಗಿಲ್ಲ. ಮಿಂದ ಮೇಲೂ ಅವಳ ಮಂಚ ಆ ಗೋಡೆಗೆ, ಇವನದು ಈ ಗೋಡೆಗೆ. ಅವಳು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ನನ್ನ ಗಂಡನ ಕೈಗೆ ಕೋಲು ಕೊಟ್ಟಿದ್ದು ಸರ್ಕಾರ. ಅದರ ಈ ತುದಿಯಲ್ಲಿ ನಾನಿರೋದು ಸರ್ಕಾರಕ್ಕೆ ಗೊತ್ತಿಲ್ಲ."

ಒಂದು ವಿಷಯ ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ಗಂಡನ ಕೆಳತುಟಿಯ ಮೇಲೆ ಹೆಸರುಕಾಳಿನಷ್ಟು ಒಂದು ನೇರಳೆ ಬಣ್ಣದ ಚುಕ್ಕೆ. ದಿಂಬಿನ ಚೀಲಕ್ಕೂ ಅದೇ ಬಣ್ಣ. ಎಷ್ಟು ಉಜ್ಜಿದರೂ ಹೋಗದು. ಕ್ಷೌರಿಕ "ಕಚೇರಿಯ ಮೊಹರು ಬಾಯಿಗೇ ಒತ್ತಿಬಿಟ್ಟಿದ್ದಾರೆ" ಎಂದು ನಗುತ್ತಿದ್ದ. ದೂರಪ್ಪನಿಗೆ ಆ ಮಾತು ಇಷ್ಟವೇ ಆಗಿತ್ತು.

ಹೀಗಿರುವಾಗ ಒಂದು ಹಡಗಿನಿಂದ ಹನ್ನೊಂದು ಜನ ಇಳಿದು ನಲವತ್ತರ ಮನೆ ಸೇರಿದರು. ಅವರಲ್ಲಿ ಒಬ್ಬಳು ಅರವತ್ತು ದಾಟಿದ ಸೂಲಗಿತ್ತಿ. ಸಾವಿರ ಹೆರಿಗೆ ಮಾಡಿಸಿದ ಕೈ. ಅವಳ ಮಗಳನ್ನು ಇದೇ ಊರಿಗೆ ಕೊಟ್ಟಿತ್ತು. ಎರಡು ಮಕ್ಕಳು ಹುಟ್ಟುವಾಗಲೇ ಹೋಗಿದ್ದವು. ಇದು ಮೂರನೆಯದು, ದಿನ ತುಂಬಲು ಮೂರು ವಾರವಿತ್ತು. "ಈ ಸಲ ನೀನೇ ಬರಬೇಕಮ್ಮ" ಎಂದು ಮಗಳು ಬರೆಸಿದ್ದ ಕಾಗದ ಅವಳ ಸೊಂಟದ ಚೀಲದಲ್ಲಿತ್ತು. ಮಗಳ ಮನೆ ಕಟಕಟೆಯಿಂದ ಕಾಣುವಷ್ಟು ಹತ್ತಿರ. ನೀರಿನಾಚೆ, ಹಗ್ಗದ ಅಂಗಡಿಯ ಹಿಂದಿನ ಹಸಿರು ಕಿಟಕಿ.

ಮೊದಲ ದಿನದ ಭಾಷಣವನ್ನು ಅವಳು ಗಮನವಿಟ್ಟು ಕೇಳಿದಳು.

"ನಲವತ್ತೇ ಯಾಕಂತೆ, ಅಣ್ಣಾ?"

ಹಾಗೆ ಯಾರೂ ಕೇಳಿರಲಿಲ್ಲ. ದೂರಪ್ಪ ಗಂಟಲು ಸರಿಮಾಡಿಕೊಂಡ. "ಅದು... ಅವರ ಧರ್ಮಗ್ರಂಥದಲ್ಲಿ ನಲವತ್ತು ದಿನದ ಉಪವಾಸ ಇದೆ ಅಂತಾರೆ ಕೆಲವರು. ಹಳೇ ವೈದ್ಯರ ಲೆಕ್ಕ ಅಂತಾರೆ ಕೆಲವರು. ಖಚಿತವಾಗಿ ಯಾರಿಗೂ ಗೊತ್ತಿಲ್ಲ."

"ಓಹೋ. ನಾವೂ ಬಾಣಂತೀನ ನಲವತ್ತು ದಿನ ಕೋಣೆ ಬಿಡಿಸಲ್ಲ. ಆದರೆ ಯಾಕೆ ಅಂತ ನಮಗೆ ಗೊತ್ತು" ಎಂದು ಅವಳು ಹಾಸಿಗೆ ಬಿಡಿಸಲು ಹೋದಳು.

ಹನ್ನೆರಡನೆಯ ದಿನ ಬಂದರಿನ ಹೊಸ ಡಾಕ್ಟರಮ್ಮ ಕೈಯಲ್ಲಿ ಕಾಗದ ಹಿಡಿದು ಬಂದರು. ವಯಸ್ಸು ಚಿಕ್ಕದು, ನಡಿಗೆ ಚುರುಕು. ಯಾರನ್ನೂ ಮುಟ್ಟದೆ ಕಟಕಟೆಯಾಚೆಯಿಂದಲೇ ಹನ್ನೊಂದು ಜನರನ್ನೂ ಪರೀಕ್ಷಿಸಿ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ ಎಂದು ಬರೆದು ರುಜು ಹಾಕಿದರು.

"ದೂರಪ್ಪನವರೇ, ಬಾಗಿಲು ತೆಗೀರಿ. ಈ ಜ್ವರ ಮೈಯಲ್ಲಿದ್ದರೆ ಹನ್ನೆರಡು ದಿನದೊಳಗೆ ಕಾಣಿಸಿಕೊಳ್ಳುತ್ತೆ. ಕಾಣಿಸಿಲ್ಲ. ಮುಗೀತು."

"ಇನ್ನೂ ಇಪ್ಪತ್ತೆಂಟು ಇದೆಯಲ್ಲ ಮೇಡಂ."

"ಯಾತಕ್ಕೆ?"

"ಪದದ ಅರ್ಥಕ್ಕೆ."

ಡಾಕ್ಟರಮ್ಮ ಗೋಡೆಯ ಹಾಳೆ ಓದಿದವರೇ. ತಾಳ್ಮೆಯಿಂದ ಹೇಳಿದರು: "ನೋಡಿ, ಅವರಿಗೆ ರೋಗ ಯಾವುದು, ಎಷ್ಟು ದಿನಕ್ಕೆ ಏಳುತ್ತೆ, ಏನೂ ಗೊತ್ತಿರಲಿಲ್ಲ. ಹೆದರಿಕೆ ಎಷ್ಟಿತ್ತೋ ಅಷ್ಟು ದಿನ ಇಟ್ಟರು. ಮೂವತ್ತಕ್ಕೇ ನಿಂತಿದ್ದರೆ ಈ ಮನೆಗೆ ಬೇರೆ ಹೆಸರಿರ್ತಿತ್ತು, ನೀವು ಮೂವತ್ತಕ್ಕೇ ಬಿಡ್ತಿದ್ದಿರಿ. ಹೌದೋ ಅಲ್ವೋ?"

"ಹೌದು. ಆದರೆ ನಿಲ್ಲಲಿಲ್ವಲ್ಲ." ದೂರಪ್ಪ ಬಗ್ಗಿ ಕಾಗದ ನೋಡಿದ. "ಇದರಲ್ಲಿ ನಿಮ್ಮ ರುಜು ಇದೆ. ಮೇಲಿನ ಕಚೇರಿ ಮೊಹರು ಇಲ್ಲ."

"ಮೊಹರು ಬರೋಕೆ ಒಂದು ತಿಂಗಳಾಗುತ್ತೆ!"

"ಅಷ್ಟರಲ್ಲಿ ನಲವತ್ತೂ ಆಗುತ್ತೆ. ಯಾರಿಗೂ ತೊಂದರೆಯಿಲ್ಲ."

ಒಳಗಿನ ಕಟಕಟೆಯಿಂದ ಸೂಲಗಿತ್ತಿ ಎಂದಳು: "ದೇವರು ವರ ಕೊಟ್ಟರೂ ಪೂಜಾರಿ ಬಿಡ ಅಂತಾರಲ್ಲ, ಅವನು ಇವನೇ ನೋಡಿ."

ಡಾಕ್ಟರಮ್ಮ ಮೇಲಿನ ಕಚೇರಿಗೆ ಬರೆದರು. ಕೀಲಿ ಮಾತ್ರ ದೂರಪ್ಪನ ಸೊಂಟದಲ್ಲೇ ಉಳಿಯಿತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಸೂಲಗಿತ್ತಿಯ ಅಳಿಯ ಓಡಿಬಂದು ಹೊರಗಿನ ಕಟಕಟೆ ಹಿಡಿದುಕೊಂಡ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಎಲ್ಲೋ ದಾರಿಯಲ್ಲಿ.

"ಅತ್ತೆ, ನೋವು ಶುರುವಾಗಿದೆ! ದಿನಕ್ಕೆ ಮೊದಲೇ! ಮಗು ಅಡ್ಡ ತಿರುಗಿದೆಯೋ ಏನೋ ಅಂತಿದ್ದಾರೆ. ಡಾಕ್ಟರಮ್ಮನ ಕರೆದೆ, ಅವರು ಬರ್ತಾರಂತೆ, ಆದರೆ ಅವಳು ನಮ್ಮಮ್ಮ ಬರದೆ ಇದ್ದರೆ ಇದೂ ಹೋಗುತ್ತೆ ಅಂತ ಒಂದೇ ಸಮನೆ ಅಳ್ತಿದ್ದಾಳೆ."

ಸೂಲಗಿತ್ತಿಯ ಮುಖ ಬಿಳಿಚಿತು. ಧ್ವನಿ ಮಾತ್ರ ಅಲುಗಲಿಲ್ಲ. "ಎಡಗಡೆ ಮಗ್ಗುಲಾಗಿ ಮಲಗಿಸಿ. ಉಸಿರು ಬಿಗಿಹಿಡೀಬೇಡ ಅಂತ ಹೇಳು. ಅವಸರ ಮಾಡಿ ಒತ್ತೋಕೆ ಯಾರನ್ನೂ ಬಿಡಬೇಡ. ಹೋಗು, ಡಾಕ್ಟರಮ್ಮ ಇಲ್ಲಿಗೆ ಒಂದು ನಿಮಿಷ ಬಂದು ಹೋಗಲಿ." ಅಳಿಯ ಓಡಿದ. ಅವಳು ದೂರಪ್ಪನ ಕಡೆ ತಿರುಗಿದಳು. "ಅಣ್ಣಾ, ತೆಗೀರಿ."

ದೂರಪ್ಪ ಕಲ್ಲಿನ ಮನುಷ್ಯನೇನಲ್ಲ. ಅವನ ಕೈ ಕೀಲಿಯವರೆಗೆ ಹೋಯಿತು. ಬಾಯಿ ಮಾತ್ರ ತಾನು ಕಲಿತದ್ದನ್ನೇ ಹೇಳಿತು: "ಇನ್ನು ಇಪ್ಪತ್ತೊಂದು ದಿನ, ಅಕ್ಕಾ. ಐದಾರು ನೂರು ವರ್ಷದ ಹಿಂದೆ—"

"ಗೊತ್ತು. ರಗೂಸಾ."

ಅವಳು ಅಳಲಿಲ್ಲ, ಶಪಿಸಲೂ ಇಲ್ಲ. ಹಸಿರು ಕಿಟಕಿಯನ್ನೇ ನೋಡುತ್ತ ನಿಂತಳು. ತುಟಿ ಅಲುಗುತ್ತಿತ್ತು, ಏನನ್ನೋ ಜಪಿಸುತ್ತಿದ್ದಳು.

ಐದು ಗಂಟೆಗೆ ಹಾಜರಿ. ಅದಕ್ಕೊಂದು ಕ್ರಮವಿತ್ತು. ದೂರಪ್ಪ ಹಾಜರಿ ಪುಸ್ತಕವನ್ನು ಹಲಗೆಯ ಮೇಲಿಟ್ಟು ಕೋಲಿನಿಂದ ಒಳಗಿನ ಕಟಕಟೆಗೆ ತಳ್ಳುತ್ತಿದ್ದ. ಪುಸ್ತಕದ ಬೆನ್ನಿಗೆ ದಾರದಲ್ಲಿ ಕಟ್ಟಿದ ನೇರಳೆ ಪೆನ್ಸಿಲ್ಲು. ಒಣಗಿದ್ದರೆ ಬೂದುಬಣ್ಣದ ಗೀಟು, ತುದಿಗೆ ಒಂದಿಷ್ಟು ಒದ್ದೆ ತಾಗಿದರೆ ಅಳಿಸಲಾಗದ ಶಾಯಿ. ಒಬ್ಬೊಬ್ಬರೇ ಬಂದು ಅದನ್ನು ನಾಲಿಗೆಗೆ ತಾಗಿಸಿ ಹೆಸರು ಬರೆಯುತ್ತಿದ್ದರು. ಹನ್ನೊಂದೂ ಮುಗಿದ ಮೇಲೆ ಹಲಗೆ ವಾಪಸು ಬರುತ್ತಿತ್ತು. ಪುಸ್ತಕದ ರಟ್ಟನ್ನು ದೂರಪ್ಪ ಮುಂದೆ ಮೂರು ಸಲ, ಹಿಂದೆ ಮೂರು ಸಲ ವಿನಿಗರ್ ಬಟ್ಟೆಯಲ್ಲಿ ಒರೆಸುತ್ತಿದ್ದ. ಆಮೇಲೆ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಕೆಳಗೆ "ಎಲ್ಲ ಸರಿ ಇದೆ" ಎಂದು ಬರೆಯುತ್ತಿದ್ದ.

ಅವತ್ತೂ ಬರೆದ. ಅದೇ ಹೊತ್ತಿಗೆ ಅವನ ಹೆಂಡತಿ ಸಂಜೆಯ ಚಹಾದ ಡಬ್ಬಿ ಹಿಡಿದು ಹೊರಗಿನ ಕಟಕಟೆಗೆ ಬಂದಿದ್ದಳು. ಅವಳ ಹಿಂದೆಯೇ ಏದುಸಿರು ಬಿಡುತ್ತ ಡಾಕ್ಟರಮ್ಮ.

"ಅಣ್ಣಾ, ನಾಲಿಗೆ ತೋರಿಸಿ" ಎಂದಳು ಸೂಲಗಿತ್ತಿ.

"ಏನು?"

"ನಾಲಿಗೆ. ಬಸುರಿಯರ ನಾಲಿಗೆ ನೋಡಿ ನೋಡಿ ನನಗೆ ಅಭ್ಯಾಸ. ಹಾಂ, ತೋರಿಸಿ."

ಅವಳ ದನಿಯಲ್ಲಿ ಏನಿತ್ತೋ, ಅವನು ತೋರಿಸಿದ. ನಡುವೆ ನೇರಳೆ ಗೀಟು.

"ಈಗ ನೀವೆಲ್ಲ ತೋರಿಸ್ರಪ್ಪಾ."

ಒಳಗಿನ ಕಟಕಟೆಯುದ್ದಕ್ಕೂ ಹನ್ನೊಂದು ನಾಲಿಗೆ ಹೊರಗೆ ಬಂದವು. ಹನ್ನೊಂದೂ ನೇರಳೆ.

ಕಾಗದಕ್ಕೆ ಹೊಗೆ ಹಾಕಿ, ಗಿಲಕಿಯನ್ನು ವಿನಿಗರಿನಲ್ಲಿ ಅದ್ದಿ, ಹೆಂಡತಿಯನ್ನು ಆ ಗೋಡೆಗೆ ಮಲಗಿಸಿದ ಮನುಷ್ಯ ಇಪ್ಪತ್ತಾರು ವರ್ಷದಿಂದ ದಿನಾ ಐದು ಗಂಟೆಗೆ ಒಳಗಿನವರೆಲ್ಲರ ಎಂಜಲು ನೆಕ್ಕುತ್ತಿದ್ದ. ಅದರ ಕೆಳಗೆ ಎಲ್ಲ ಸರಿ ಇದೆ ಎಂದು ರುಜುವನ್ನೂ ಹಾಕುತ್ತಿದ್ದ.

"ಅಯ್ಯೋ, ನನ್ನ ದಿಂಬಿನ ಚೀಲ!" ಎಂದಳು ಹೆಂಡತಿ.

ಡಾಕ್ಟರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿದ್ದುದನ್ನು ಮುಚ್ಚಲಾಗಲಿಲ್ಲ.

ಸೂಲಗಿತ್ತಿ ನಗಲಿಲ್ಲ. ಅವಳಿಗೆ ನಗಲು ಹೊತ್ತಿರಲಿಲ್ಲ. "ಈಗ ನೀವೇ ಹೇಳಿ. ಡಾಕ್ಟರಮ್ಮನ ಹನ್ನೆರಡು ದಿನ ನಿಜವಾದರೆ ನಮ್ಮಲ್ಲಿ ರೋಗವಿಲ್ಲ, ನಿಮಗೂ ಅಂಟಿಲ್ಲ, ಬಾಗಿಲು ತೆಗೀರಿ. ನಿಮ್ಮ ನಲವತ್ತು ನಿಜವಾದರೆ ನಿಮ್ಮದೇ ಕೆಂಪು ಬರಹ ಓದಿಕೊಂಡು ಒಳಗೆ ಬನ್ನಿ. ಬರುವಾಗ ಕ್ಷೌರಿಕನನ್ನೂ ಕರ್ಕೊಂಡು ಬನ್ನಿ, ಚಹಾದವನನ್ನೂ ಕರ್ಕೊಂಡು ಬನ್ನಿ, ಊರನ್ನೇ ಕರ್ಕೊಂಡು ಬನ್ನಿ. ಬೇಗ ಹೇಳಿ. ಅಲ್ಲಿ ನನ್ನ ಮಗಳು ಕಾಯ್ತಿದ್ದಾಳೆ."

ದೂರಪ್ಪ ಫಲಕ ಓದಿದ. ಯಾರೇ ಆಗಿರಲಿ. ಆ ಎರಡು ಪದಗಳ ಕೆಳಗೆ ಗೀಟು ಎಳೆದವನೂ ತಾನೇ. ಬೇರೆಯವನಾಗಿದ್ದರೆ ನೌಕರರಿಗೆ ಇದು ಅನ್ವಯಿಸುವುದಿಲ್ಲ ಎಂದು ಅಲ್ಲೇ ಒಂದು ಸಾಲು ಸೇರಿಸುತ್ತಿದ್ದ. ದೂರಪ್ಪನ ಮೂರ್ಖತನದಲ್ಲಿ ಕಳ್ಳತನ ಇರಲಿಲ್ಲ. ಪದ ಸುಳ್ಳೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಒಳಗಿನ ಬಾಗಿಲು ತೆರೆದು, ತಲೆಯೆತ್ತಿಕೊಂಡೇ ಒಳಗೆ ನಡೆದ. ಕೀಲಿಯನ್ನು ಹಲಗೆಯ ಮೇಲಿಟ್ಟು ಹೊರಗೆ ತಳ್ಳಿ, ಹನ್ನೆರಡನೆಯ ಮಂಚದ ಮೇಲೆ ಕೂತ.

ಹೆಂಡತಿ ಚಹಾದ ಡಬ್ಬಿ ಕೆಳಗಿಟ್ಟಳು. ಕೀಲಿಯನ್ನು ಚಿಮಟದಲ್ಲಿ ಎತ್ತಿ, ವಿನಿಗರಿನಲ್ಲಿ ಅದ್ದಿ, ಸೆರಗಿನಲ್ಲಿ ಒರೆಸಿದಳು. ಮರಳಿನ ಮೇಲೆ ಬಿದ್ದಿದ್ದ ಕೋಲನ್ನೂ ಎತ್ತಿಕೊಂಡಳು.

"ಡಾಕ್ಟರಮ್ಮಾ, ಇವರಿಗೆ ಎಷ್ಟು ದಿನ ಅಂದ್ರಿ?"

"ಹನ್ನೆರಡು. ಮುಗಿದು ಒಂದು ವಾರ ಆಯ್ತು."

ಅವಳು ಬಾಗಿಲು ಪೂರಾ ತೆರೆದಳು. ಸೂಲಗಿತ್ತಿ ಬಟ್ಟೆಗಂಟು ಅಲ್ಲೇ ಬಿಟ್ಟು ಓಡಿದಳು. ಅರವತ್ತು ದಾಟಿದವಳು ಹಾಗೆ ಓಡುವುದನ್ನು ಆ ಕಲ್ಲುಕಟ್ಟೆ ನೋಡಿರಲಿಲ್ಲ. ಡಾಕ್ಟರಮ್ಮ ಅವಳ ಹಿಂದೆ. ಉಳಿದ ಹತ್ತು ಜನ ತಮ್ಮ ಗಂಟುಮೂಟೆಯೊಂದಿಗೆ.

"ಏಯ್, ಇನ್ನೂ ಇಪ್ಪತ್ತೊಂದು ದಿನ ಇದೆ! ಏನು ಮಾಡ್ತಿದ್ದೀಯೇ!" ದೂರಪ್ಪ ಒಳಗಿಂದ ಕೂಗಿದ.

"ಕಾವಲುಗಾರ ಒಳಗಿದ್ದಾನೆ. ಕೋಲು ನನ್ನ ಕೈಲಿದೆ" ಎಂದು ಅವಳು ಬಾಗಿಲು ಹಾಕಿ ಬೀಗ ತಿರುಗಿಸಿದಳು.

"ಹಾಗಾದರೆ ನೀನೂ ಒಳಗೆ ಬರಬೇಕು. ನನ್ನನ್ನ ಮುಟ್ಟಿದವಳು."

"ನಾನಾ?" ಹೆಂಡತಿ ಕೋಲನ್ನು ನೆಲಕ್ಕೆ ಊರಿದಳು. "ಇಪ್ಪತ್ತಾರು ವರ್ಷದಲ್ಲಿ ನೀವು ನನ್ನ ಹತ್ತಿರ ಬಂದಿದ್ದು ಎಷ್ಟು ಸಲ, ನಾನು ಈ ಕಟಕಟೆಯಲ್ಲಿ ನಿಂತು ಹೇಳಲಾ? ಈ ಊರಲ್ಲಿ ಶುದ್ಧವಾಗಿ ಉಳಿದಿರೋಳು ನಾನೊಬ್ಬಳೇ ರೀ."

ದೂರಪ್ಪ ತನ್ನ ಮಂಚಕ್ಕೆ ಮರಳಿದ.

ಮರುದಿನ ಬೆಳಗ್ಗೆ ಅಳಿಯ ಎರಡೂ ಚಪ್ಪಲಿ ಹಾಕಿಕೊಂಡು ಬಂದ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಗು ಅಡ್ಡ ತಿರುಗಿದ್ದು ನಿಜ, ಕರುಳಬಳ್ಳಿ ಕೊರಳಿಗೆ ಎರಡು ಸುತ್ತು ಬಿದ್ದಿತ್ತು. ಡಾಕ್ಟರಮ್ಮ ಒಂದು ಕಡೆ, ಅತ್ತೆ ಒಂದು ಕಡೆ, ಬೆಳಕು ಹರಿಯುವವರೆಗೆ ನಾಲ್ಕು ಕೈ ಬೇಕಾಯಿತಂತೆ. "ಒಬ್ಬರ ಕೈಲಿ ಆಗ್ತಿರಲಿಲ್ಲ ಅಂತ ಡಾಕ್ಟರಮ್ಮನೇ ಅಂದರು" ಎಂದ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೇಳಿದ. ಚುಚ್ಚಲೆಂದು ಹೇಳಿದ್ದರೆ ದೂರಪ್ಪನಿಗೆ ಇಷ್ಟು ನಾಟುತ್ತಿರಲಿಲ್ಲ.

ಹನ್ನೆರಡು ಮಂಚದ ಕೋಣೆಯಲ್ಲಿ ಒಬ್ಬನೇ ಇದ್ದಾಗ ಅವನಿಗೆ ಮೊದಲ ಸಲ ಗೊತ್ತಾದ ಸಂಗತಿಗಳು ಹಲವು. ಕಿಟಕಿಗಳು ಎಷ್ಟು ಎತ್ತರದಲ್ಲಿವೆಯೆಂದರೆ ಮಂಚದ ಮೇಲೆ ನಿಂತರೆ ಮಾತ್ರ ಊರು ಕಾಣುತ್ತದೆ. ಮೂರನೆಯ ಮಂಚದ ಪಕ್ಕದ ಗೋಡೆಯಲ್ಲಿ ಯಾರೋ ಉಗುರಿನಿಂದ ದಿನಕ್ಕೊಂದು ಗೀರು ಎಳೆದಿದ್ದರು. ದೂರಪ್ಪ ಎಣಿಸಿದ. ನಲವತ್ತೇ ಇದ್ದವು. ಮೂವತ್ತೇಳನೆಯದು ಮಾತ್ರ ಉಳಿದವುಗಳಿಗಿಂತ ಆಳವಾಗಿತ್ತು, ಗಾರೆ ಕಿತ್ತು ಬಂದಿತ್ತು. ಮೂರೇ ದಿನ ಉಳಿದಿದೆ ಎಂದು ಕಟಕಟೆ ಹಿಡಿದು ನಿಂತಿದ್ದ ಬಡಗಿಯ ಮಂಚ ಯಾವುದಾಗಿತ್ತು ಎಂದು ಅವನು ಬಹಳ ಹೊತ್ತು ನೆನಪು ಮಾಡಿಕೊಂಡ. ನೆನಪಾಗದಿದ್ದರೆ ಒಳ್ಳೆಯದಿತ್ತು.

ದಿನಾ ಸಂಜೆ ಹೆಂಡತಿ ಹಾಜರಿ ಪುಸ್ತಕ ತಳ್ಳುತ್ತಿದ್ದಳು. ಜೊತೆಗೆ ಒಂದು ಬಟ್ಟಲಲ್ಲಿ ನೀರು. "ಅದ್ದಿ ಬರೀರಿ. ಇಷ್ಟು ಬುದ್ಧಿ ಆ ವೆನಿಸಿನವರಿಗೂ ಇದ್ದಿರಬೇಕು."

ಹನ್ನೆರಡನೆಯ ಸಂಜೆ ಡಾಕ್ಟರಮ್ಮ ಬಂದು ನಾಡಿ ನೋಡಿ, ರುಜು ಹಾಕಿ, ಹೊರಗೆ ನಿಂತರು. ಹೆಂಡತಿ ಬೀಗದೊಳಗೆ ಕೀಲಿ ಇಟ್ಟಳು, ತಿರುಗಿಸಲಿಲ್ಲ.

ದೂರಪ್ಪ ಕೆಮ್ಮಿದ. "ಇವತ್ತಿಗೆ ಹನ್ನೆರಡಾಯ್ತು ಅಲ್ವಾ?"

"ಆಯ್ತು. ಮೇಲಿನ ಕಚೇರಿ ಮೊಹರು ಬಂದಿಲ್ವಲ್ಲ. ಪದದ ಅರ್ಥ ಏನು ಅಂತ ಒಂದು ಸಲ ಹೇಳಿಬಿಡಿ ನೋಡೋಣ, ತೆಗೀತೀನಿ."

"ಐದಾರು ನೂರು ವರ್ಷದ ಹಿಂದೆ ರಗೂಸಾ ಅನ್ನೋ..." ಬಾಯಿ ತಾನಾಗಿ ಓಡತೊಡಗಿತು. ಮೂವತ್ತು, ಆಮೇಲೆ ನಲವತ್ತು, ಕ್ವಾರಂತ. ಅಲ್ಲಿಗೆ ಬಂದು ತಡೆಯಿತು. "...ನಲವತ್ತೇ ಯಾಕೆ ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲ." ಹೇಳಿ, ಹೆಂಡತಿಯ ಮುಖ ನೋಡಿದ. "ಗೊತ್ತಿಲ್ಲದೆ ಇಟ್ಟದ್ದು. ತೆಗಿ."

"ಅದನ್ನ ಪುಸ್ತಕದಲ್ಲಿ ಬರೀರಿ."

ಬರೆದ. ಈ ಜ್ವರಕ್ಕೆ ಹನ್ನೆರಡು ದಿನ ಸಾಕು. ಕೆಳಗೆ ಹೆತ್ತವರು ಇಟ್ಟ ಹೆಸರು. ನೇರಳೆ ಶಾಯಿ, ಅಳಿಸಲು ಬರುವುದಿಲ್ಲ.

ಹೊರಬಿದ್ದವನು ಮನೆಯ ಕಡೆ ತಿರುಗಲಿಲ್ಲ. ಹಗ್ಗದ ಅಂಗಡಿಯ ಹಿಂದೆ, ಹಸಿರು ಕಿಟಕಿಯ ಮನೆಗೆ ನಡೆದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ. ಬಾಗಿಲು ತಟ್ಟುವ ಹೊತ್ತಿಗೆ ಎಲ್ಲ ಚೆದುರಿಹೋಗಿತ್ತು. ತೆರೆದವಳು ಸೂಲಗಿತ್ತಿ. ಹೆಗಲ ಮೇಲೆ ಒದ್ದೆ ಬಟ್ಟೆ, ಒಳಗೆಲ್ಲೋ ಮಗುವಿನ ಕುಯ್ಯೋ ದನಿ.

"ಅಕ್ಕಾ, ತಪ್ಪಾಯ್ತು. ಮಗು ನೋಡಿಕೊಂಡು ಹೋಗೋಣ ಅಂತ..." ಎನ್ನುತ್ತ ಅವನು ಹೊಸ್ತಿಲ ಮೇಲೆ ಕಾಲಿಟ್ಟ.

ಸೂಲಗಿತ್ತಿ ಅಡ್ಡ ಕೈ ಹಿಡಿದಳು.

"ದೂರ! ಬಾಣಂತಿ ಕೋಣೆ. ಹುಟ್ಟಿ ಇವತ್ತಿಗೆ ಹನ್ನೊಂದು ದಿನ."

ದೂರಪ್ಪ ಕಾಲು ಹಿಂದೆ ತೆಗೆದು, ಮೆಟ್ಟಿಲಿಳಿದು, ಕೋಲಿನಷ್ಟು ದೂರ ಹೋಗಿ ನಿಂತ. ಬೆರಳು ಮಡಿಚಿದ.

"ಇನ್ನು ಇಪ್ಪತ್ತೊಂಬತ್ತು" ಎಂದ.

"ಹಾಂ. ಯಾಕೆ ಅಂತ ಕೇಳಿ, ಹೇಳ್ತೀನಿ" ಎಂದಳು ಅವಳು.